ಮರಳು ಜರಡಿ ಹಿಡಿಯುವ ಮೀನಿಗೆ ಊಟ ಹಾಕುವುದು ಹೇಗೆ?

ತಳದ ಮರಳು ಜರಡಿ ಹಿಡಿದು ತಿನ್ನುವ ಜಿಯೋಫೇಗಸ್ ಎಂಬ ಅಕ್ವೇರಿಯಂ ಮೀನು ಸಾಕಿದವರ ದೂರು ಸಾಮಾನ್ಯವಾಗಿ ಒಂದೇ: ‘ದಿನಾ ಊಟ ಹಾಕ್ತೀನಿ, ಆದ್ರೂ ಮೀನು ಸೊರಗ್ತಿದೆ.’ ಹಾಕಿದ್ದು ಅದರ ಬಾಯಿಗೆ ಸೇರುತ್ತಿಲ್ಲ, ಅಷ್ಟೇ. ಮೇಲೆ ಬಾರ್ಬ್‌ಗಳು, ನಡುವೆ ಏಂಜೆಲ್ ಮೀನುಗಳು ಮುಗಿಬಿದ್ದು ತಿಂದರೆ ತಳಕ್ಕೆ ಏನು ಇಳಿಯುತ್ತದೆ?

ಜಿಯೋಫೇಗಸ್ ಮೀನುಗಳು ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ನದಿ ಸೀಮೆಯ, ಸಿಕ್ಲಿಡ್ ಎಂಬ ಕುಟುಂಬದ ಮೀನು‌ಗಳು. ಅಂಗಡಿಯಲ್ಲಿ ‘ಟಪಾಜೋಸ್ ರೆಡ್ ಹೆಡ್’ ಎಂದು ಮಾರುವ ಚೆಲುವ ಮೀನು ಇದೇ ಗುಂಪಿನದು. ಅದಕ್ಕೆ ವಿಜ್ಞಾನಿಗಳು ಜಿಯೋಫೇಗಸ್ ಪೈರೋಸೆಫಲಸ್ ಎಂದು ಹೆಸರಿಟ್ಟಿದ್ದು 2022ರಲ್ಲಷ್ಟೇ. ಅಂದಹಾಗೆ, ನಮ್ಮ ಕೆರೆಗಳ ಜಿಲೇಬಿ ಮೀನೂ ಸಿಕ್ಲಿಡ್ಡೇ. ಆದರೆ ಅದು ಆಫ್ರಿಕಾ ಮೂಲದ್ದು, ದೂರದ ನೆಂಟ.

ಜಿಯೋ (ಜಿಯೋಫೇಗಸ್‌ನ ಚಿಕ್ಕ ಹೆಸರು) ತಿನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ತಲೆ ಕೆಳಗೆ ಮಾಡಿ, ಮೂತಿಯನ್ನು ಮರಳಿಗೆ ತೂರಿಸುತ್ತದೆ. ಬಾಯಿ ತುಂಬ ಮರಳು ತೆಗೆದುಕೊಂಡು ಒಂದಿಷ್ಟು ಮೇಲೇಳುತ್ತದೆ. ದವಡೆ ಆಡುತ್ತಲೇ ಇರುತ್ತದೆ. ಕಿವಿರಿನ ಎರಡೂ ಪಕ್ಕದಿಂದ ಮರಳು ಸಣ್ಣ ಧಾರೆಯಾಗಿ ಸೋರುತ್ತದೆ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕಸ ಹೊರಗೆ, ಕಾಳು ಒಳಗೆ. ಕಾಡಿನ ನದಿಯಲ್ಲಿ ಹೀಗೆ ಸಿಗುವುದು ಹುಳುಮರಿ, ಬೀಜ, ಕೊಳೆತ ಸೊಪ್ಪಿನ ಚೂರು. ಒಂದೊಂದು ಸಲಕ್ಕೆ ಸಿಗುವುದು ಚೂರೇ ಚೂರು, ಅದಕ್ಕೇ ಬೆಳಗಿನಿಂದ ಸಂಜೆವರೆಗೂ ಇದೇ ಕೆಲಸ. ನಾವು ಊಟ ಹಾಕುವ ಕ್ರಮವೂ ಇದಕ್ಕೆ ಹೊಂದಬೇಕು.

ಮೊದಲು ತಳ ಸರಿಯಿರಲಿ

ಜಲ್ಲಿಕಲ್ಲು ಹಾಸಿದ ಟ್ಯಾಂಕಿನಲ್ಲಿ ಈ ಮೀನು ಇಡಲೇಬೇಡಿ. ಬೇಕಿರುವುದು 1 ಮಿ.ಮೀ.ಗಿಂತ ಸಣ್ಣ, ನುಣುಪು ಮರಳು. ಎಂ-ಸ್ಯಾಂಡ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಕಲ್ಲು ಒಡೆದು ಮಾಡಿದ್ದಾದ್ದರಿಂದ ಅಂಚು ಚೂಪು. ಕಿವಿರು ಗೀರಿಹೋಗುತ್ತದೆ. ಬೆರಳ ನಡುವೆ ಉಜ್ಜಿ ನೋಡಿ, ಚುಚ್ಚಿದರೆ ಬೇಡ. ಸ್ವಲ್ಪ ವಿನೆಗರ್ ಹಾಕಿದಾಗ ಗುಳ್ಳೆ ಬಂದರೆ ಅದರಲ್ಲಿ ಚಿಪ್ಪಿನ ಪುಡಿಯಿದೆ ಎಂದರ್ಥ, ಅದೂ ಬೇಡ, ನೀರು ಗಡಸಾಗುತ್ತದೆ. ಒಳ್ಳೆಯ ಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಒಂದೆರಡು ಇಂಚು ಹಾಸಿದರೆ ಸಾಕು. ಫಿಲ್ಟರಿನ ಬಾಯಿ ಮರಳಿನಿಂದ ಮೇಲಿರಲಿ, ಅದಕ್ಕೊಂದು ಸ್ಪಂಜು ತೊಡಿಸಿ.

ಊಟದ ಹೊತ್ತಿಗೆ

ಮುಳುಗುವ ಪೆಲೆಟ್ಟೇ (ಮೀನಿನ ಊಟದ ಕಾಳು) ಆಗಬೇಕು, 1–2 ಮಿ.ಮೀ. ಗಾತ್ರದ್ದು. ದೊಡ್ಡ ಮೀನಿಗೂ ಸಣ್ಣ ಕಾಳೇ ಸರಿ. ಒಂದೆರಡು ನಿಮಿಷ ಟ್ಯಾಂಕಿನ ನೀರಲ್ಲಿ ನೆನೆಸಿಟ್ಟರೆ ಗಾಳಿ ಹೋಗಿ ಸರ್‍ರನೆ ಇಳಿಯುತ್ತವೆ.

ಫಿಲ್ಟರ್ ಆಫ್ ಮಾಡಿ, ಟ್ಯಾಂಕಿನ ಒಂದು ತುದಿಯಲ್ಲಿ ತೇಲುವ ಊಟ ಹಾಕಿ. ಚುರುಕು ಮೀನುಗಳೆಲ್ಲ ಅಲ್ಲಿಗೆ ಓಡುತ್ತವೆ. ಅವು ಗಲಾಟೆಯಲ್ಲಿರುವಾಗಲೇ ಇನ್ನೊಂದು ತುದಿಯಲ್ಲಿ ಪೆಲೆಟ್ ಬಿಡಿ. ಆದರೂ ಬಾರ್ಬ್‌ಗಳು ವಾಸನೆ ಹಿಡಿದು ಬಂದರೆ ಅರ್ಧ ಇಂಚಿನ ಪಿವಿಸಿ ಪೈಪ್ ತುಂಡೊಂದನ್ನು ಮರಳಿಗೆ ತುಸು ಮೇಲೆ ಹಿಡಿದು, ಅದರೊಳಗೆ ಕಾಳು ಹಾಕಿ, ಸ್ವಲ್ಪ ನೀರು ಸುರಿಯಿರಿ. ಪೈಪನ್ನು ಸರಿಸುತ್ತಾ ಹೋಗಿ. ಒಂದೇ ಕಡೆ ರಾಶಿ ಬಿದ್ದರೆ ಗುಂಪಿನ ದಾದಾ ಅದನ್ನು ಕಾಯುತ್ತಾ ನಿಂತುಬಿಡುತ್ತಾನೆ, ಉಳಿದವರಿಗೆ ಬಾಯಿಗೆ ಮಣ್ಣೇ. ಐದಾರು ನಿಮಿಷದಲ್ಲಿ ಖಾಲಿಯಾಗುವಷ್ಟು, ದಿನಕ್ಕೆ ಎರಡು-ಮೂರು ಸಲ ಹಾಕಿದರೆ ಸಾಕು. ಆಮೇಲೆ ಫಿಲ್ಟರ್ ಆನ್ ಮಾಡುವುದನ್ನು ಮರೆಯಬೇಡಿ.

ವಾರದಲ್ಲಿ ಎರಡು-ಮೂರು ಸಲ ಫ್ರೋಜನ್ ಡಾಫ್ನಿಯಾ, ಬ್ರೈನ್ ಶ್ರಿಂಪ್ ಎಂಬ ಪುಟಾಣಿ ಜಲಜೀವಿಗಳನ್ನು ಕೊಡಿ. ಬ್ಲಡ್‌ವರ್ಮ್ (ಕೆಂಪು ಹುಳುಮರಿ) ಅಂದರೆ ಇವಕ್ಕೆ ಪ್ರಾಣ, ಆದರೆ ಅದನ್ನೇ ಜಾಸ್ತಿ ಕೊಡುವುದು ಬೇಡ. ಸ್ಪಿರುಲಿನಾ ಪಾಚಿ ಇರುವ ಪೆಲೆಟ್, ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯೂ ನಡುನಡುವೆ ಇರಲಿ. ಚರಂಡಿ ನೀರಿಂದ ಹಿಡಿದು ತರುವ ಜೀವಂತ ಟ್ಯೂಬಿಫೆಕ್ಸ್ ಹುಳುಗಳನ್ನು ನಾನಂತೂ ಟ್ಯಾಂಕಿನ ಹತ್ತಿರಕ್ಕೂ ಬಿಡುವುದಿಲ್ಲ, ಸುಮ್ನೆ ರೋಗ ತಂದುಕೊಂಡಂತೆ. ಆಡು-ದನದ ಮಾಂಸವೂ ಬೇಡ.

ಹೊಟ್ಟೆ ತುಂಬಿದೆಯೇ ಎಂದು ತಿಳಿಯಲು ಮೀನನ್ನು ಮುಂದಿನಿಂದ ನೋಡಿ. ಹೊಟ್ಟೆ ಒಳಕ್ಕೆ ಸೇರಿ, ಬೆನ್ನು ಕತ್ತಿಯಂತಾಗಿದ್ದರೆ ಅದು ಉಪವಾಸವಿದೆ, ಇಲ್ಲವೇ ಕರುಳಲ್ಲಿ ಹುಳುವಿದೆ. ಮರಳಿನ ಮೇಲೆ ಕಾಳು ಉಳಿದು ಬಿಳಿ ಬೂಜು ಕಟ್ಟುತ್ತಿದ್ದರೆ ನೀವು ಹಾಕುತ್ತಿರುವುದೇ ಜಾಸ್ತಿ. ಕೊಳೆತರೆ ನೀರಿನಲ್ಲಿ ನೈಟ್ರೇಟ್ ಎಂಬ ಲವಣ ಏರುತ್ತದೆ, ಜಿಯೋಗಳಿಗೆ ಅದು ಆಗಿಬರುವುದಿಲ್ಲ, ತಲೆಯ ಮೇಲೆ ಸಣ್ಣ ಸಣ್ಣ ತೂತು ಬೀಳಬಹುದು. ನೈಟ್ರೇಟ್ 20 ಪಿಪಿಎಂ (ಹತ್ತು ಲಕ್ಷ ಪಾಲಿಗೆ 20 ಪಾಲು) ಒಳಗಿರಲಿ. ವಾರಕ್ಕೊಮ್ಮೆ 30–40% ನೀರು ಬದಲಿಸಿ.

ಚೆನ್ನಾಗಿ ತಿನ್ನುತ್ತಿದ್ದ ಮೀನು ಇದ್ದಕ್ಕಿದ್ದಂತೆ ಊಟ ಮುಟ್ಟದಿದ್ದರೆ ಔಷಧಿ ಬಾಟಲಿ ತೆಗೆಯುವ ಮೊದಲು ಅದರ ಗಂಟಲು ನೋಡಿ. ಉಬ್ಬಿದ್ದು, ಬಾಯಲ್ಲಿ ಏನೋ ಮೆಲುಕು ಹಾಕುತ್ತಿದ್ದರೆ ಒಳಗಿರುವುದು ಮರಿಗಳು. ರೆಡ್ ಹೆಡ್‌ನಂಥ ಹಲವು ಜಿಯೋಗಳು ಮರಿಗಳನ್ನು ಬಾಯಲ್ಲೇ ಸಾಕುತ್ತವೆ. ಆ ದಿನಗಳಲ್ಲಿ ಪೈಪು ಹಿಡಿದು ಅವುಗಳ ಬೆನ್ನು ಹತ್ತಬೇಡಿ, ಹೆದರಿದರೆ ಮರಿಗಳನ್ನು ಉಗುಳಿಬಿಡುತ್ತವೆ.