ದಸರಾ ರಜೆಗೆ ಮನೆಯಲ್ಲೇ ಗಂಜೀಫಾ

ಕಳೆದ ದಸರಾದಲ್ಲಿ ಗೊಂಬೆ ಕೂರಿಸಿ ಮುಗಿಸಿದ ಮೇಲೆ ನಮ್ಮ ಮಕ್ಕಳಿಗೆ ಮಾಡಲು ಕೆಲಸ ಇರಲಿಲ್ಲ. ಮಗಳಿಗೆ 9, ಮಗನಿಗೆ 6 ವರ್ಷ. ಮಾಡಿ ಶೋಕೇಸಿನಲ್ಲಿಡುವ ಕ್ರಾಫ್ಟು ನನಗೆ ಅಷ್ಟಕ್ಕಷ್ಟೇ, ಸುಮ್ನೆ ಧೂಳು ತಿನ್ನುತ್ತದೆ. ಆಡುವಂಥದ್ದು ಮಾಡೋಣ ಅಂತ ಗಂಜೀಫಾ ಎಲೆಗಳಿಗೆ ಕೈ ಹಾಕಿದೆವು, ಇಸ್ಪೀಟಿನ ಹಾಗೆ ಆಡುವ, ಗುಂಡಗಿನ ಎಲೆಗಳ ಹಳೇ ಆಟ ಅದು. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದಲ್ಲಿ ಹೊಸ ಹೊಸ ಬಗೆಗಳನ್ನೇ ಕಟ್ಟಿದವರು. ಮೈಸೂರಿನಲ್ಲಿದ್ದು ಮಕ್ಕಳಿಗೆ ಇಸ್ಪೀಟು ಮಾತ್ರ ಗೊತ್ತಿದ್ದರೆ ಹೇಗೆ, ಅಲ್ವಾ?

ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12 ಎಲೆ: ರಾಜ, ಮಂತ್ರಿ, ಆಮೇಲೆ 1ರಿಂದ 10, ಅಂಕಿ ಎಷ್ಟೋ ಆ ಅವತಾರದ ಗುರುತಿನ ಚಿತ್ರವೂ ಅಷ್ಟು. ಒಟ್ಟು 120. ಅಷ್ಟು ನಮ್ಮ ಕೈಲಾಗುವುದಿಲ್ಲ ಅಂತ ಮೀನು, ಆಮೆ, ಕೊಡಲಿ, ಬಿಲ್ಲು ನಾಲ್ಕನ್ನೇ ಆರಿಸಿಕೊಂಡೆವು. 48 ಎಲೆ.

ಬೀರುವಿನಲ್ಲಿದ್ದ ಹಳೇ ಲಗ್ನಪತ್ರಿಕೆಗಳ ಮೇಲೆ ನನ್ನ ಬಳೆ ಇಟ್ಟು ಗುಂಡಗೆ ಗೆರೆ ಎಳೆದರು. ಕತ್ತರಿಸಿದ್ದು ನಾನು, ದಪ್ಪ ಕಾಗದ ಚಿಕ್ಕವರ ಕತ್ತರಿಗೆ ಬಗ್ಗುವುದಿಲ್ಲ. ಮೇಲೆ ಬಿಳಿ ಹಾಳೆ ಅಂಟಿಸಲು ಮೈದಾ ಅಂಟು ಕಾಯಿಸಿದೆ. ಹಿಂದೆ ಇದಕ್ಕೆ ಹುಳ ಹಿಡಿಯದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.

ಮೊದಲ ದಿನ ಎಲ್ಲವನ್ನೂ ತಾರಸಿಯ ಬಿಸಿಲಿಗೆ ಹರವಿದೆವು. ಸಂಜೆ ನೋಡಿದರೆ ಹಪ್ಪಳದ ಹಾಗೆ ಸುರುಳಿ! ಒಂದೇ ಮಗ್ಗುಲಿಗೆ ಹಾಳೆ ಅಂಟಿಸಿದ್ದೇ ತಪ್ಪು. ಒದ್ದೆ ಹಾಳೆ ಒಣಗುವಾಗ ಕುಗ್ಗಿ ಆ ಕಡೆಗೇ ಎಳೆಯುತ್ತದೆ. ಮಾರನೇ ದಿನ ಎರಡೂ ಕಡೆ ಅಂಟಿಸಿ, ನೆರಳಲ್ಲಿ, ಬಟ್ಟೆ ಮುಚ್ಚಿ, ದಪ್ಪ ಪುಸ್ತಕ ಹೇರಿದೆವು. ನೆಟ್ಟಗೆ ಬಂದವು.

ಬಣ್ಣದ ಹೊತ್ತಿಗೆ ಅತ್ತೆ ಬಂದು ಕೂತರು. ಎಲೆ ಅಡಿಕೆ ತಟ್ಟೆಯಿಂದ ಚಿಟಿಕೆ ಸುಣ್ಣ ತೆಗೆದು ಅರಿಶಿನದ ನೀರಿಗೆ ಕದಡಿದರು. ಹಳದಿ ಹೋಗಿ ಕಣ್ಣೆದುರೇ ಕೆಂಪು. "ಆರತಿಯ ಓಕುಳಿ ಕಣೋ ಇದು" ಅಂದರು. ಮಗ ಅದಕ್ಕೆ ನಿಂಬೆಹಣ್ಣು ಹಿಂಡಿದ, ಮತ್ತೆ ಹಳದಿ! ಸುಣ್ಣ ಕ್ಷಾರ, ನಿಂಬೆ ಹುಳಿ ಅಂತ ನಾನು ಹೇಳುವಷ್ಟರಲ್ಲಿ ಅವನು ಹುಣಸೆಹಣ್ಣು, ಸೋಪು, ಮಜ್ಜಿಗೆ ಎಲ್ಲ ತಂದು ಸಾಲಾಗಿ ಇಟ್ಟಿದ್ದ. ಆ ಮಧ್ಯಾಹ್ನ ಒಂದು ಎಲೆಗೂ ಬಣ್ಣ ಬೀಳಲಿಲ್ಲ. (ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಅದನ್ನು ಕಲಸುವುದು ದೊಡ್ಡವರೇ ಆಗಲಿ.) ಈ ಓಕುಳಿ ಕೆಂಪು ಬಾಳಿಕೆ ಬರುವುದಿಲ್ಲ, ವಾರಕ್ಕೇ ಮಂಕಾಯಿತು. ಆಮೇಲೆ ರಂಗೋಲಿಗೆ ತಂದಿದ್ದ ಕೆಮ್ಮಣ್ಣಿಗೆ ಅಂಟು ಬೆರೆಸಿ ಬಳಿದೆವು. ಮಣ್ಣಿನ ಬಣ್ಣ, ಇವತ್ತಿಗೂ ಹಾಗೇ ಇದೆ.

ಮಗಳು ಆಮೆ ಬರೆಯುತ್ತಾ ಬರೆಯುತ್ತಾ ಸುಸ್ತಾದಳು. "ಅಮ್ಮಾ, ಒಟ್ಟು ಎಷ್ಟು ಆಮೆ?" 1 ಮತ್ತು 10 ಸೇರಿಸಿದರೆ 11, 2 ಮತ್ತು 9 ಸೇರಿಸಿದರೂ 11, ಹೀಗೆ ಎಷ್ಟು ಜೋಡಿ ನೋಡು ಅಂದೆ. ಐದು ಜೋಡಿ, 55. ನಾಲ್ಕು ಗುಂಪಿಗೆ 220! ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಅಡುಗೆಮನೆಗೆ ಹೋಗಿ ಅವಳೇ ಆಲೂಗಡ್ಡೆ ತಂದಳು, ಅದರಲ್ಲಿ ಅಚ್ಚು ಕೆತ್ತಿಕೊಟ್ಟೆ. ರಾಜ, ಮಂತ್ರಿಯನ್ನು ಮಾತ್ರ ಕೈಯಲ್ಲಿ ಬರೆದರು. ಆಲೂಗಡ್ಡೆ ಅಚ್ಚು ಮಾರನೇ ದಿನಕ್ಕೆ ಸುಕ್ಕಾಗುತ್ತದೆ, ಅವತ್ತೇ ಒತ್ತಿ ಮುಗಿಸಬೇಕು.

ಆಡುವಾಗ ಜಾಸ್ತಿ ಗಲಾಟೆ ಆಗಿದ್ದು ಒಂದಕ್ಕೆ. ಗಂಜೀಫಾದ ಅರ್ಧ ಗುಂಪುಗಳಲ್ಲಿ 10 ದೊಡ್ಡದು, ಉಳಿದರ್ಧದಲ್ಲಿ 1 ದೊಡ್ಡದು. ನಾವು ಮೀನು, ಆಮೆಗೆ ಒಂದು ಲೆಕ್ಕ, ಕೊಡಲಿ, ಬಿಲ್ಲಿಗೆ ಇನ್ನೊಂದು ಅಂತ ಇಟ್ಟುಕೊಂಡೆವು. ಮಗ ಈಗಲೂ ಕೊಡಲಿಯ 10 ಎಸೆದು, ಅಕ್ಕ 1 ಹಾಕಿ ಪಟ್ಟು ಎತ್ತಿಕೊಂಡರೆ, ಮೋಸ ಅಂತ ಅಜ್ಜಿಯ ಹತ್ತಿರ ಓಡುತ್ತಾನೆ. ಇನ್ನು 72 ಎಲೆ ಬಾಕಿ ಇವೆ.