ತಿಂಗಳು ತುಂಬದ ಕೂಸಿನ ಕಣ್ಣಲ್ಲಿ ಮುಂದಿನ ವಾರ

ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಅಕ್ಷಿಪಟದ, ಅಂದರೆ ಕಣ್ಣಿನ ಹಿಂಭಾಗದ ರೆಟಿನಾ ಪರದೆಯ, ಚಿತ್ರ ತೆಗೆಯುವುದು ನನ್ನ ಕೆಲಸ. ನಾನು ಡಾಕ್ಟರಲ್ಲ. ಆಪ್ಟೊಮೆಟ್ರಿ ಓದಿ, ಆಮೇಲೆ ಈ ಕ್ಯಾಮೆರಾ ಕಲಿತವನು. ವಿಜಯಪುರ, ಬಾಗಲಕೋಟೆ ಕಡೆಯ ಆಸ್ಪತ್ರೆಗಳ ಎಸ್‌ಎನ್‌ಸಿಯುಗಳಿಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ವಾರದ ಗೊತ್ತಾದ ದಿನ ಕ್ಯಾಮೆರಾ ಹೊತ್ತು ಹೋಗುತ್ತೇವೆ. ಚಿತ್ರಗಳು ಬೆಂಗಳೂರಿನಲ್ಲಿ ಕೂತ ರೆಟಿನಾ ತಜ್ಞರಿಗೆ ತಲುಪುತ್ತವೆ. ತಾಯಂದಿರು ಎದ್ದು ಹೊರಡುವ ಮೊದಲೇ ಅವರಿಂದ ಉತ್ತರ ಬರಬೇಕು, ಇಲ್ಲದಿದ್ದರೆ ಕೆಲವರು ಮತ್ತೆ ಸಿಗುವುದೇ ಇಲ್ಲ.

ಈ ದಾರಿ ಹಾಕಿದ್ದು ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ 2008ರಲ್ಲಿ ಇಂಥ ಕೂಸುಗಳ ಕಣ್ಣು ತಪಾಸಣೆಯ ಕಿಡ್‌ರಾಪ್ ಯೋಜನೆ ಶುರುವಾಯಿತು. ಡಾಕ್ಟರಲ್ಲದ ಟೆಕ್ನಿಷಿಯನ್‌ಗಳಿಗೆ ಚಿತ್ರ ತೆಗೆಯುವುದನ್ನಷ್ಟೇ ಅಲ್ಲ, ಅದನ್ನು ಮೊದಲ ಮಟ್ಟಿಗೆ ಓದಿ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುವುದನ್ನೂ ಅಲ್ಲಿ ಕಲಿಸಿದರು. ಕೆಂಪೆಂದರೆ ತಡ ಮಾಡದೆ ಚಿಕಿತ್ಸೆ, ಕಿತ್ತಳೆಯೆಂದರೆ ಮತ್ತೆ ನೋಡಬೇಕು, ಹಸಿರೆಂದರೆ ಮುಗಿಯಿತು. ನಮ್ಮ ರಿಜಿಸ್ಟರ್‌ನಲ್ಲೂ ಇದೇ ಮೂರು ಬಣ್ಣ. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಅತಿ ಕಷ್ಟದ್ದು ಕಿತ್ತಳೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ರೋಗದ ಮಾತು. ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ) ಎನ್ನುತ್ತೇವೆ, ದಿನ ತುಂಬದೆ ಹುಟ್ಟಿದವರ ಅಕ್ಷಿಪಟಕ್ಕೆ ಬರುವ ರೋಗ. ಕೂಸು ಹೊಟ್ಟೆಯಲ್ಲಿ ಸುಮಾರು 16 ವಾರದ್ದಾಗಿರುವಾಗ ಅಕ್ಷಿಪಟದ ಡಿಸ್ಕ್‌ನಿಂದ (ಕಣ್ಣಿನ ನರ ಸೇರುವ ದುಂಡು ಜಾಗ) ರಕ್ತನಾಳಗಳು ಹೊರಟು ಸುತ್ತಲೂ ಬಳ್ಳಿಯಂತೆ ಹಬ್ಬತೊಡಗುತ್ತವೆ. ಮೂಗಿನ ಕಡೆಯ ಅಂಚು ಹತ್ತಿರ, 36ನೇ ವಾರದ ಹೊತ್ತಿಗೆ ಮುಟ್ಟುತ್ತವೆ. ಕಿವಿಯ ಕಡೆಯದು ದೂರ, ಅಲ್ಲಿಗೆ ಹೋಗಿ ಮುಟ್ಟುವಾಗ ಹೆಚ್ಚುಕಡಿಮೆ 40 ವಾರ. ಏಳು ತಿಂಗಳಿಗೇ ಹುಟ್ಟಿದ ಕೂಸಿನ ಕಣ್ಣಲ್ಲಿ ನಾಳಗಳು ಇನ್ನೂ ಅರ್ಧ ದಾರಿಯಲ್ಲಿರುತ್ತವೆ. ಉಸಿರಾಟಕ್ಕೆಂದು ಕೊಟ್ಟ ಆಮ್ಲಜನಕ ಹೆಚ್ಚಾದರೆ ಅವು ಇದ್ದಲ್ಲೇ ನಿಂತುಬಿಡುತ್ತವೆ. ಕೆಲವು ವಾರದಲ್ಲಿ ನಾಳ ತಲುಪದ ಬೋಳು ಭಾಗ ರಕ್ತಕ್ಕಾಗಿ ಹಸಿಯುತ್ತದೆ, ವಿಇಜಿಎಫ್ ಎಂಬ ರಾಸಾಯನಿಕ ಸಂದೇಶ ಹೊರಡುತ್ತದೆ, ಆಗ ಬರುವ ಹೊಸ ನಾಳಗಳು ದಾರಿ ಬಿಟ್ಟು ಮೇಲಕ್ಕೆ ಏಳುತ್ತವೆ. ಅವು ಅಕ್ಷಿಪಟವನ್ನು ಹಿಡಿದೆಳೆದು ಕಿತ್ತರೆ ದೃಷ್ಟಿ ಹೋಯಿತು. ಪಾಪೆ ಬೆಳ್ಳಗೆ ಕಂಡು ತಾಯಿ ಗಾಬರಿಯಾಗಿ ಓಡಿಬರುವ ಹೊತ್ತಿಗೆ ಮಾಡಲು ಬಹಳ ಉಳಿದಿರುವುದಿಲ್ಲ.

ಪಶ್ಚಿಮದ ದೇಶಗಳಲ್ಲಿ ತೀರಾ ಚಿಕ್ಕ ಕೂಸುಗಳನ್ನಷ್ಟೇ ಪರೀಕ್ಷಿಸಿದರೆ ನಡೆಯುತ್ತದೆ. ನಮ್ಮಲ್ಲಿ ನಡೆಯದು. ಆಮ್ಲಜನಕವನ್ನು ಗಾಳಿಯೊಂದಿಗೆ ಹದವಾಗಿ ಬೆರೆಸಿ ಕೊಡುವ ಬ್ಲೆಂಡರ್ ಎಲ್ಲ ಕಡೆ ಇರುವುದಿಲ್ಲ, ಹಾಗಾಗಿ ಒಂದೂವರೆ ಕಿಲೋ ದಾಟಿದ ಕೂಸಿಗೂ ರೋಗ ಬರುತ್ತದೆ. ಅದಕ್ಕೇ ಭಾರತದ ನಿಯಮ ಅಗಲ: 2,000 ಗ್ರಾಂಗಿಂತ ಕಡಿಮೆ ತೂಕ, ಇಲ್ಲವೇ 34 ವಾರಕ್ಕೂ ಮೊದಲು ಹುಟ್ಟಿದ್ದು. ಇವರನ್ನೆಲ್ಲ ಹುಟ್ಟಿದ 30 ದಿನದೊಳಗೆ ಒಮ್ಮೆ ನೋಡಲೇಬೇಕು. 28 ವಾರಕ್ಕೂ ಮುಂಚಿನವರನ್ನು, 1,200 ಗ್ರಾಂಗಿಂತ ಹಗುರಾದವರನ್ನು ಎರಡು-ಮೂರು ವಾರದಲ್ಲೇ ನೋಡಬೇಕು.

ಈ 30 ದಿನ ಬರುವುದು ನೇರ ಬಾಣಂತನದ ನಡುವೆ. ತಾಯಿ ತವರಿನಲ್ಲಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯಲ್ಲಿ ಇರುವ ಹೊತ್ತು. ಫೋನ್ ಮಾಡಿದರೆ ಎತ್ತುವುದು ಅಜ್ಜಿ. "ಕೂಸು ದೀಪ ನೋಡತೈತ್ರಿ ಸರ, ಕಣ್ಣು ಛಲೋನ ಅದಾವು. ಬಾಣಂತಿನ್ನ ಗಾಳ್ಯಾಗ ಯಾಕ ತರೂಣು?" ಈ ಮಾತಿಗೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಹಾಗಾಗಿ ಮೊದಲ ಚಿತ್ರವನ್ನು ಆದಷ್ಟೂ ಕೂಸು ವಾರ್ಡಿನಲ್ಲಿ ಇರುವಾಗಲೇ ತೆಗೆದು, ಅಜ್ಜಿಯನ್ನೇ ಪರದೆಯ ಮುಂದೆ ಕರೆದು ತೋರಿಸುತ್ತೇನೆ. "ನೋಡ ಯವ್ವಾ, ಕೆಂಪು ನರ ಇಲ್ಲಿತನಕ ಬಂದಾವ. ಇಲ್ಲಿಂದ ಆಚೀಕ ಬರೇ ಬೋಳು. ಇದು ತುಂಬೂತನಕ ನಾವು ವಾರಾ ವಾರಾ ನೋಡಬೇಕು." ಮಗಳನ್ನೂ ಮೊಮ್ಮಗುವನ್ನೂ ಕರೆತರುವ ಜವಾಬ್ದಾರಿ ಅಲ್ಲಿಂದ ಅಜ್ಜಿಯದು. ಅಪ್ಪನಿಗೆ ತೋರಿಸಿದ್ದಕ್ಕಿಂತ ಇದು ಹೆಚ್ಚು ಫಲ ಕೊಟ್ಟಿದೆ. ಅಪ್ಪಂದಿರು ತಲೆಯಾಡಿಸಿ ಹೋಗುತ್ತಾರೆ, ಅಷ್ಟೆ.

ಇನ್ನು ಚಿತ್ರ ತೆಗೆಯುವ ಕೆಲಸ. ಹಾಲು ಕುಡಿಸಿ ಒಂದು ಗಂಟೆಯಾದರೂ ಆಗಿರಬೇಕು, ಇಲ್ಲದಿದ್ದರೆ ಕಕ್ಕುತ್ತದೆ. ಕಣ್ಣಿಗೆ ಹಚ್ಚಿದ ಕಾಡಿಗೆಯನ್ನು ಮೊದಲು ತೆಗೆಯಬೇಕು. ಆಸ್ಪತ್ರೆಯಲ್ಲಿ ಇರುವ ಕೂಸಿಗೂ ಯಾರೋ ಹಚ್ಚಿರುತ್ತಾರೆ. ಹಣೆಯ ದೃಷ್ಟಿ ಬೊಟ್ಟಿಗೆ ನನ್ನ ತಕರಾರಿಲ್ಲ, ರೆಪ್ಪೆಯೊಳಗಿನದು ಬೇಡ. ಆಮೇಲೆ ಪಾಪೆ ಹಿಗ್ಗಿಸುವ ಡ್ರಾಪ್ಸ್. ಅಂಗಡಿಯಲ್ಲಿ ಸಿಗುವುದು ದೊಡ್ಡವರದ್ದು, ಅದರಲ್ಲಿ ಶೇ. 5ರ ಫಿನೈಲೆಫ್ರಿನ್. ಅದನ್ನು ಹಾಗೇ ಹಾಕಿದರೆ ಇಷ್ಟು ಪುಟ್ಟ ಜೀವದ ರಕ್ತದೊತ್ತಡ ಏರಬಹುದು. ಅದಕ್ಕೇ ಸಮಪಾಲು ತೆಳುಮಾಡಿ ಶೇ. 2.5ಕ್ಕೆ ಇಳಿಸಿ, ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಹನಿಸುತ್ತೇವೆ. ಕೆನ್ನೆಗೆ ಇಳಿದದ್ದನ್ನು ಕೂಡಲೇ ಒರೆಸಬೇಕು, ಚರ್ಮದಿಂದಲೂ ಒಳಗೆ ಹೋಗುತ್ತದೆ. ಎಷ್ಟು ಹಾಕಿದರೂ ಪಾಪೆ ಬಿಚ್ಚಿಕೊಳ್ಳದಿದ್ದರೆ ಹನಿಯನ್ನು ಬೈಯುವ ಮೊದಲು ಎಚ್ಚರವಾಗುತ್ತೇನೆ. ಗಟ್ಟಿಯಾಗಿ ಕೂತ ಪಾಪೆ ಎಷ್ಟೋ ಸಲ ಒಳಗೆ ರೋಗ ಜೋರಾಗಿರುವುದರ ಗುರುತು.

ಕೂಸನ್ನು ಬಟ್ಟೆಯಲ್ಲಿ ಸುತ್ತಿ, ನೋವು ತಿಳಿಯದಿರಲು ಮರಗಟ್ಟಿಸುವ ಹನಿ ಹಾಕಿ, ನಾಲಿಗೆಗೆ ಒಂದಿಷ್ಟು ಸಕ್ಕರೆ ದ್ರಾವಣ ಸೋಕಿಸಿ, ಸಿಸ್ಟರ್ ತಲೆ ಹಿಡಿದುಕೊಳ್ಳುತ್ತಾರೆ. ಕಾಲಿಗೆ ಪಲ್ಸ್ ಆಕ್ಸಿಮೀಟರ್ ಇದ್ದೇ ಇರಬೇಕು. ಕಣ್ಣನ್ನು ಒತ್ತಿದಾಗ ಎದೆಬಡಿತ ಇಳಿಯುವುದುಂಟು. ಆಕ್ಸಿಮೀಟರ್‌ನ ಶಬ್ದ ಬದಲಾದರೆ ನಾನು ಕೈ ಎತ್ತಿಬಿಡುತ್ತೇನೆ, ಚಿತ್ರ ಆಮೇಲೆ. ರೆಪ್ಪೆ ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಇಟ್ಟು, ಕಣ್ಣ ಮೇಲೆ ಜೆಲ್ ಹಾಕಿ, ಅದರ ಮೇಲೆ ಕ್ಯಾಮೆರಾದ ಮೂತಿ ಕೂರಿಸುವುದು. ಜೆಲ್‌ನ ಟ್ಯೂಬನ್ನು ಮೊದಲೇ ತಲೆಕೆಳಗೆ ನಿಲ್ಲಿಸಿಟ್ಟರೆ ಗುಳ್ಳೆ ಬರುವುದಿಲ್ಲ. ಒಂದು ಗುಳ್ಳೆ ಸಾಕು, ಚಿತ್ರದ ಮೇಲೆ ಅರ್ಧಚಂದ್ರ ಮೂಡಿ ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ಒಂದು ಕೂಸಿಗೆ ಒಂದು ಸ್ಪೆಕ್ಯುಲಮ್. ಕ್ಯಾಮೆರಾ ಮೂತಿಯನ್ನು ಪ್ರತಿ ಸಲ ಸ್ಪಿರಿಟ್‌ನಿಂದ ಶುಚಿಮಾಡಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕಣ್ಣಿಗೆ.

ಕ್ಯಾಮೆರಾ ಯಾವುದು ಒಳ್ಳೆಯದು ಎಂದು ಹೊಸಬರು ಕೇಳುತ್ತಾರೆ. ರೆಟ್‌ಕ್ಯಾಮ್ 130 ಡಿಗ್ರಿ ತೋರಿಸುತ್ತದೆ, ಬೆಲೆ ಭಾರಿ. ಬೆಂಗಳೂರಿನ ಫೋರಸ್ ಹೆಲ್ತ್‌ನ ತ್ರಿನೇತ್ರ ನಿಯೋ 120 ಡಿಗ್ರಿ. ಎರಡರಲ್ಲೂ ಕೆಲಸ ಆಗುತ್ತದೆ. ಎರಡರಲ್ಲೂ ಕೆಡುವುದು ಕೈಯಿಂದ. ಹೊಸಬರು ಚಿತ್ರ ಮಸುಕಾದರೆ ಇನ್ನಷ್ಟು ಒತ್ತುತ್ತಾರೆ. ಒತ್ತಿದರೆ ಚಿತ್ರ ಸ್ವಚ್ಛವಾಗಿ, ಅಂದವಾಗಿ ಬರುತ್ತದೆ, ಆದರೆ ಅದು ಸುಳ್ಳು ಹೇಳುತ್ತದೆ. ಒಳಗಿನ ಒತ್ತಡ ಏರಿ ನಾಳಗಳಿಂದ ರಕ್ತ ಹಿಂದೆ ಸರಿದು ಅವು ಬಿಳಿಚಿಕೊಳ್ಳುತ್ತವೆ, ಸಣ್ಣಗಾಗುತ್ತವೆ. ನಾವು ಹುಡುಕುತ್ತಿರುವುದೋ ಅದಕ್ಕೆ ತದ್ವಿರುದ್ಧವಾದದ್ದು: ಡಿಸ್ಕ್ ಸುತ್ತಲಿನ ನಾಳಗಳು ಉಬ್ಬಿ, ಹಾವಿನ ಹಾಗೆ ಸುತ್ತಿಕೊಂಡಿವೆಯೇ ಎಂಬುದು. ಇದನ್ನು ಪ್ಲಸ್ ಡಿಸೀಸ್ ಅನ್ನುತ್ತಾರೆ. ಕೂಸಿಗೆ ಲೇಸರ್ ಚಿಕಿತ್ಸೆ ಬೇಕೋ ಬೇಡವೋ ಎನ್ನುವುದು ಬಹುಮಟ್ಟಿಗೆ ಇದರ ಮೇಲೇ ನಿಂತಿದೆ. ಒತ್ತಿ ತೆಗೆದ ಚಿತ್ರದಲ್ಲಿ ಪ್ಲಸ್ ಮಾಯ. ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗುವ ದಾರಿಯೇ ಇಲ್ಲ, ಅವರು ನೋಡುವುದು ನಾನು ಕಳಿಸಿದ್ದನ್ನು. ಹಾಗಾಗಿ ನಡುವಿನ ಚಿತ್ರವನ್ನು ಮೂತಿ ಜೆಲ್‌ನಲ್ಲಿ ತೇಲುತ್ತಿರುವಂತೆ ಇಟ್ಟು ಮೊದಲು ತೆಗೆಯುತ್ತೇನೆ. ಅಂಚುಗಳಿಗೆ ಓರೆಮಾಡುವಾಗ ಸ್ವಲ್ಪ ಒತ್ತು ಬಿದ್ದೇ ಬೀಳುತ್ತದೆ, ಆಗ ತೆಗೆದದ್ದರಲ್ಲಿ ಪ್ಲಸ್ ಹುಡುಕಬಾರದು. ಅಂಚುಗಳಲ್ಲಿ ಕಿವಿಯ ಕಡೆಯದು ಮೊದಲು, ಯಾಕೆಂದರೆ ರೋಗ ಹೆಚ್ಚಾಗಿ ಅಲ್ಲಿರುತ್ತದೆ, ಕೂಸಿನ ತಾಳ್ಮೆ ಎಷ್ಟು ಹೊತ್ತೋ ಹೇಳಲಾಗದು.

ಅಂಚಿನಲ್ಲಿ ನೋಡುವುದೇನೆಂದರೆ, ನಾಳ ಮುಗಿದು ಬೋಳು ಶುರುವಾಗುವ ಗಡಿ. ಅಲ್ಲಿ ತೆಳ್ಳಗಿನ ಬಿಳಿ ಗೆರೆಯಿದ್ದರೆ ಒಂದನೇ ಹಂತ. ಗೆರೆಗೆ ದಪ್ಪ, ಎತ್ತರ ಬಂದು ದಿಣ್ಣೆಯಾದರೆ ಎರಡನೆಯದು. ದಿಣ್ಣೆಯಿಂದ ಹೊಸ ನಾಳಗಳು ಮೇಲೆದ್ದರೆ ಮೂರು. ನಾಲ್ಕು, ಐದರಲ್ಲಿ ಅಕ್ಷಿಪಟವೇ ಎದ್ದಿರುತ್ತದೆ. ಇಷ್ಟರ ಜೊತೆ ಈ ಗಡಿ ಡಿಸ್ಕ್‌ಗೆ ಎಷ್ಟು ಹತ್ತಿರ ಎನ್ನುವುದೂ ಬೇಕು, ಅದನ್ನು ಮೂರು ವಲಯಗಳಲ್ಲಿ ಹೇಳುತ್ತಾರೆ. ಡಿಸ್ಕ್‌ಗೆ ತೀರಾ ಹತ್ತಿರದ್ದು ಒಂದನೇ ವಲಯ, ಅಲ್ಲಿಯ ರೋಗ ಕೆಟ್ಟದ್ದು. ಎರಡನೇ ವಲಯದಲ್ಲಿ ಎರಡನೇ ಇಲ್ಲವೇ ಮೂರನೇ ಹಂತ, ಜೊತೆಗೆ ಪ್ಲಸ್ ಇದ್ದರೂ ಸಾಕು, ಚಿಕಿತ್ಸೆ ಕೊಡಬೇಕು. ಅದನ್ನೂ 48ರಿಂದ 72 ಗಂಟೆಯೊಳಗೆ.

ಕೆಂಪು ಬಂದರೆ ಎಲ್ಲರೂ ಓಡುತ್ತಾರೆ: ಮಕ್ಕಳ ಡಾಕ್ಟರು, ಸಿಸ್ಟರ್, ಮನೆಯವರು. ಹಸಿರು ಬಂದರೆ ಖುಷಿ. ಕಿತ್ತಳೆಗೆ ಯಾರೂ ಅಲುಗಾಡುವುದಿಲ್ಲ. ಆದರೆ ಚಿತ್ರ ಮುಂದಿನದನ್ನು ಹೇಳತೊಡಗುವುದು ಅಲ್ಲೇ. ಎರಡನೇ ವಲಯ, ಎರಡನೇ ಹಂತ, ಪ್ಲಸ್ ಇಲ್ಲ ಎಂಬ ಒಂದೇ ಚಿತ್ರ ನನ್ನ ಮುಂದಿದ್ದರೆ ಕೂಸು ಯಾವ ಕಡೆ ಹೊರಟಿದೆ ಎಂದು ನನಗೆ ತಿಳಿಯದು. ತಾನಾಗಿ ಇಳಿಯುವ ರೋಗವೂ ಇದೇ ಮೆಟ್ಟಿಲಲ್ಲಿ ನಿಂತಿರುತ್ತದೆ, ಏರುವುದೂ ಇದೇ ಮೆಟ್ಟಿಲಲ್ಲಿ. ಹಿಂದಿನ ವಾರದ ಚಿತ್ರವನ್ನು ಪಕ್ಕದಲ್ಲಿ ತೆರೆದಾಗ ಗೊತ್ತಾಗುತ್ತದೆ. ನಾಳಗಳು ಗಡಿ ದಾಟಿ ಬೋಳಿನೊಳಗೆ ನುಗ್ಗಿವೆಯೇ? ದಿಣ್ಣೆ ಬಿಳಿಚಿ ತೆಳುವಾಗಿದೆಯೇ? ಹಾಗಿದ್ದರೆ ಇಳಿಮುಖ. ಗಡಿ ಇದ್ದಲ್ಲೇ ಇದ್ದು, ಡಿಸ್ಕ್ ಪಕ್ಕದ ನಾಳ ಹೋದ ವಾರಕ್ಕಿಂತ ಒಂದು ತಿರುವು ಹೆಚ್ಚು ತಿರುಗಿದ್ದರೆ, ಲೇಸರ್ ಇರುವ ಊರಿಗೆ ಗಾಡಿ ಎಲ್ಲಿ ಸಿಗುತ್ತದೆಂದು ಆಗಲೇ ವಿಚಾರಿಸಿಡುತ್ತೇನೆ. ಇದಕ್ಕೆ ಎರಡೂ ವಾರದ ಚಿತ್ರ ಒಂದೇ ಬೆಳಕಲ್ಲಿ, ಡಿಸ್ಕ್ ಒಂದೇ ಜಾಗದಲ್ಲಿ ಇರುವಂತೆ ತೆಗೆದಿರಬೇಕು. ಟೆಕ್ನಿಷಿಯನ್ ಬದಲಾದರೂ ರೂಢಿ ಬದಲಾಗಬಾರದು. ಇದಕ್ಕಾಗಿ ನಾವು ಜಗಳ ಆಡಿದ್ದೂ ಇದೆ.

ಇನ್ನೊಂದು ಸುಳಿವು ಕ್ಯಾಮೆರಾದ ಹೊರಗಿದೆ. ಪ್ರತಿ ಭೇಟಿಯಲ್ಲೂ ಕೂಸಿನ ತೂಕ ಬರೆದುಕೊಳ್ಳುತ್ತೇನೆ. ಹುಟ್ಟಿದ ಮೇಲಿನ ವಾರಗಳಲ್ಲಿ ತೂಕ ಸರಿಯಾಗಿ ಏರದ ಕೂಸಿಗೆ ಆರ್‌ಒಪಿ ತೀವ್ರವಾಗುವ ಸಂಭವ ಹೆಚ್ಚು. ಸ್ವೀಡನ್‌ನವರು ಇದನ್ನೇ ಹಿಡಿದು ವಿನ್‌ರಾಪ್ ಎಂಬ ಲೆಕ್ಕ ಮಾಡಿದ್ದಾರೆ. ಅವರ ಕೂಸುಗಳ ಮೇಲೆ ಕಟ್ಟಿದ ಲೆಕ್ಕವನ್ನು ನಮ್ಮ ಕೂಸುಗಳಿಗೆ ಹಾಗೇ ಹೊದಿಸಿ ಪರೀಕ್ಷೆ ಬಿಡುವುದು ನನಗೆ ಒಪ್ಪಿಗೆಯಿಲ್ಲ, ನಮ್ಮಲ್ಲಿ ದೊಡ್ಡ ಕೂಸಿಗೂ ರೋಗ ಬರುತ್ತದಲ್ಲ. ಆದರೆ ಕಿತ್ತಳೆ ಪಟ್ಟಿಯಲ್ಲಿ ಯಾರಿಗೆ ಮೊದಲು ಫೋನ್ ಮಾಡಬೇಕು ಎನ್ನುವುದಕ್ಕೆ ತೂಕದ ಸಾಲು ಒಳ್ಳೆಯ ದಾರಿ ತೋರಿಸುತ್ತದೆ.

ಮೆಟ್ಟಿಲು ಹತ್ತದೇ ನೇರ ಮೇಲೆ ಹೋಗುವ ಬಗೆಯೂ ಒಂದಿದೆ. 2021ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅದನ್ನು ಎ-ಆರ್‌ಒಪಿ (ಅಗ್ರೆಸಿವ್, ಅಂದರೆ ಉಗ್ರ ಆರ್‌ಒಪಿ) ಎಂದು ಕರೆದಿದ್ದಾರೆ. ಗೆರೆ, ದಿಣ್ಣೆ ಯಾವುದೂ ಇರುವುದಿಲ್ಲ, ಹೊಸ ನಾಳಗಳು ಚಪ್ಪಟೆಯಾಗಿ, ಜೇಡರ ಬಲೆಯ ಹಾಗೆ ಹರಡಿರುತ್ತವೆ. ದಿನಗಳಲ್ಲೇ ಕೆಡುತ್ತದೆ. ಅಲ್ಲಿ ಎರಡನೇ ಚಿತ್ರಕ್ಕೆ ಕಾಯಬಾರದು, ವಾರದ ಲೆಕ್ಕ ನಡೆಯುವುದಿಲ್ಲ. ಇಂಥ ಕಣ್ಣು ಕಂಡರೆ ಅಪ್‌ಲೋಡ್ ಆಗುವವರೆಗೂ ಕಾಯದೆ ತಜ್ಞರಿಗೆ ಫೋನ್ ಮಾಡುತ್ತೇನೆ.

ಈಗ ಕಂಪ್ಯೂಟರೇ ಚಿತ್ರ ಓದಿ ಪ್ಲಸ್ ಇದೆಯೇ ಇಲ್ಲವೇ ಹೇಳುವ ಕಾಲ ಬಂದಿದೆ. ನಾಳಗಳ ತೀವ್ರತೆಗೆ 1ರಿಂದ 9ರವರೆಗೆ ಅಂಕ ಕೊಡುವ ವ್ಯವಸ್ಥೆಗಳಿವೆ. ಇದರಲ್ಲಿ ನನಗೆ ಹಿಡಿಸಿದ್ದು ಆ ಅಂಕವೇ. "ಇದೆ", "ಇಲ್ಲ" ಎನ್ನುವುದಕ್ಕಿಂತ ಹೋದ ವಾರ 3 ಇದ್ದದ್ದು ಈ ವಾರ 5 ಆಗಿದೆ ಎಂಬ ಮಾತು ನಮಗೆ ಕೆಲಸಕ್ಕೆ ಬರುತ್ತದೆ. ಒಂದೇ ಚಿತ್ರವನ್ನು ಇಬ್ಬರು ತಜ್ಞರು ಬೇರೆ ಬೇರೆಯಾಗಿ ಓದುವುದು ಈ ರೋಗದಲ್ಲಿ ಮಾಮೂಲು. ಆದರೆ ಒತ್ತಿ ಬಿಳಿಚಿಸಿದ ನಾಳಕ್ಕೆ ಯಂತ್ರವೂ ಕಡಿಮೆ ಅಂಕವನ್ನೇ ಕೊಡುತ್ತದೆ.

ಚಿಕಿತ್ಸೆಯಾದ ಮೇಲೂ ನಮ್ಮ ಕ್ಯಾಮೆರಾಕ್ಕೆ ಕೆಲಸವಿದೆ. ಲೇಸರ್ ಬೋಳು ಭಾಗವನ್ನೇ ಸುಟ್ಟು ಸುಮ್ಮನಾಗಿಸುತ್ತದೆ. ವಿಇಜಿಎಫ್ ತಡೆಯುವ ಚುಚ್ಚುಮದ್ದು ಕೊಟ್ಟರೆ ನಾಳಗಳು ಕೆಲವೇ ದಿನದಲ್ಲಿ ಇಳಿಯುತ್ತವೆ, ಎಲ್ಲರಿಗೂ ಸಮಾಧಾನ. ಆದರೆ ವಾರಗಳು, ತಿಂಗಳುಗಳು ಕಳೆದ ಮೇಲೆ ರೋಗ ಮರುಕಳಿಸಬಹುದು. ಹಾಗಾಗಿ ಚುಚ್ಚುಮದ್ದಿನ ಕೂಸಿನ ಹೆಸರು ನಮ್ಮ ರಿಜಿಸ್ಟರ್‌ನಲ್ಲಿ ಬಹಳ ದಿನ ಕಿತ್ತಳೆಯಲ್ಲೇ ಇರುತ್ತದೆ, ಮನೆಯವರಿಗೆ ಬೇಸರ ಬರುವಷ್ಟು.

ಹಸಿರು ಹಾಕಿ ಕಳಿಸುವವರಿಗೂ ಒಂದು ತಾರೀಖು ಕೊಡುತ್ತೇನೆ. ತಿಂಗಳು ತುಂಬದೆ ಹುಟ್ಟಿದವರಿಗೆ ಮುಂದೆ ಮೈನಸ್ ನಂಬರ್, ಮೆಳ್ಳೆಗಣ್ಣು ಬರುವುದು ಬೇರೆಯವರಿಗಿಂತ ಹೆಚ್ಚು. ಬೇರೆ ಚೀಟಿಯಲ್ಲಿ ಬರೆದುಕೊಟ್ಟರೆ ಕಳೆದುಹೋಗುತ್ತದೆ. ತಾಯಿ ಕಾರ್ಡ್‌ನಲ್ಲಿ, 9ನೇ ತಿಂಗಳ ದಡಾರ ಲಸಿಕೆಯ ಸಾಲಿನ ಪಕ್ಕದಲ್ಲೇ "ಕಣ್ಣು ತೋರಿಸಿ" ಎಂದು ಬರೆಯುತ್ತೇನೆ. ಆ ಸೂಜಿಗೆ ಆಶಾ ಕಾರ್ಯಕರ್ತೆ ಅವರನ್ನು ಹೇಗೂ ಕರೆತರುತ್ತಾರೆ.