‘ಹೂಂ’ ಅನ್ನದೆ ಇರುವುದಕ್ಕೆ ಒಂದು ಪದ

ಹಗಲು ನನ್ನ ಕೆಲಸ ಕೋರ್ಟು ಕಾಗದಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವುದು. ದಾವೆ, ಅಫಿಡವಿಟ್ಟು, ತೀರ್ಪಿನ ಪ್ರತಿ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಸಿಸೆರೊ, ಎರಡು ಸಾವಿರ ವರ್ಷದ ಹಿಂದಿನ ರೋಮಿನ ವಕೀಲ, ಬರಹಗಾರ. ಯಾವುದನ್ನಾದರೂ ಖಚಿತವಾಗಿ ತಿಳಿಯಲು ಆಗುತ್ತದೆಯೇ ಅಂತ ಚರ್ಚಿಸುವ ಅವನ ‘ಅಕಾಡೆಮಿಕ’ ಗ್ರಂಥದ ಕೆಲವು ಭಾಗಗಳನ್ನು ಕನ್ನಡಕ್ಕೆ ತರಲು ಕೂತು ಎರಡು ವರ್ಷ ಆಯಿತು. ಎದುರಿಗೆ ಇಂಗ್ಲಿಷ್ ಅನುವಾದ, ಪಕ್ಕದಲ್ಲಿ ಲ್ಯಾಟಿನ್ ಮೂಲ, ಮಧ್ಯೆ ದಪ್ಪನೆಯ ನಿಘಂಟು. ನನ್ನ ಲ್ಯಾಟಿನ್ ಕುಂಟುತ್ತದೆ. ಆದರೆ ಕುಂಟುವವನಿಗೆ ದಾರಿಯ ಕಲ್ಲೆಲ್ಲ ಗೊತ್ತಿರುತ್ತವೆ.

ಸಿಸೆರೊನೇ ಯಾಕೆ ಅಂತ ಗೆಳೆಯರು ಕೇಳುತ್ತಾರೆ. ಅವನೂ ಕೋರ್ಟಿನವನೇ, ಗ್ರೀಕ್ ವಿಚಾರಗಳನ್ನು ಲ್ಯಾಟಿನ್ನಿಗೆ ತರುತ್ತಿದ್ದ ಅವನದೂ ಅನುವಾದದ ಕಷ್ಟವೇ. ಕ್ರಿ.ಪೂ. 88ರಲ್ಲಿ ಅಥೆನ್ಸಿನಲ್ಲಿ ಪ್ಲೇಟೊ ಕಟ್ಟಿದ್ದ ತತ್ವಶಾಸ್ತ್ರದ ಶಾಲೆ ಅಕಾಡೆಮಿಯ ಮುಖ್ಯಸ್ಥ ಫಿಲೊ ಯುದ್ಧದ ಗಲಾಟೆಯಿಂದ ತಪ್ಪಿಸಿಕೊಂಡು ರೋಮಿಗೆ ಬಂದ. ಇನ್ನೂ ಇಪ್ಪತ್ತು ತುಂಬದ ಸಿಸೆರೊ ಅವನ ಮಾತಿಗೆ ಮರುಳಾದ. ಯಾವುದೇ ವಿಷಯ ಇರಲಿ, ಎರಡೂ ಕಡೆ ನಿಂತು ವಾದ ಮಾಡಿ ನೋಡಬೇಕು ಅನ್ನುವುದು ಅಕಾಡೆಮಿಯ ಪಾಠ. ವಕೀಲನಾಗಬೇಕು ಅಂತ ಹೊರಟ ಹುಡುಗನಿಗೆ ಇದಕ್ಕಿಂತ ರುಚಿಯಾದದ್ದು ಇನ್ನೇನು ಬೇಕು? ಅರ್ಜಿದಾರರ ವಾದ, ಎದುರುದಾರರ ವಾದ ಅಂತ ದಿನಾ ಒಂದರ ಕೆಳಗೆ ಒಂದು ಟೈಪ್ ಮಾಡುವ ನನಗೂ ಅದೇ ಹಿಡಿಸಿದ್ದು.

ಸರಿ, ಆ ಪಾಠದ ಬೆನ್ನೆಲುಬು ಒಂದು ಗ್ರೀಕ್ ಪದ: ‘ಎಪೊಖೆ’. ಯಾವುದೂ ಖಚಿತವಾಗಿ ಗೊತ್ತಾಗದಿದ್ದಾಗ ಒಪ್ಪಿಗೆ ಕೊಡದೆ ತಡೆದು ನಿಲ್ಲುವುದು. ನಾನು ಎರಡನೇ ಯೋಚನೆ ಇಲ್ಲದೆ ಬರೆದೆ: ‘ತೀರ್ಪು ಕಾಯ್ದಿರಿಸುವುದು’. ಪೇಪರಿನಲ್ಲಿ ದಿನಾ ಬರುವ ಮಾತು, ನನ್ನ ಕಸುಬಿನ ಮಾತು. ಎಷ್ಟು ಸಲೀಸಾಗಿ ಕೂತಿತು ಅಂದರೆ ಅವತ್ತು ಬೇಗ ಮಲಗಿದೆ.

ಕೆಲವು ತಿಂಗಳ ನಂತರ ಸಿಸೆರೊ ತನ್ನ ಗೆಳೆಯ ಆಟಿಕಸ್‌ಗೆ ಬರೆದ ಒಂದು ಕಾಗದ ಓದುತ್ತಿದ್ದೆ. ಕ್ರಿ.ಪೂ. 45ರದ್ದು. ಆ ವರ್ಷದ ಶುರುವಿನಲ್ಲೇ ಅವನ ಮಗಳು ತುಲ್ಲಿಯಾ ತೀರಿಕೊಂಡಿದ್ದಳು. ಸೀಸರ್ ಇರುವಾಗ ರಾಜಕೀಯದಲ್ಲೂ ಇವನಿಗೆ ಕೆಲಸ ಇರಲಿಲ್ಲ. ಪುಸ್ತಕದ ಮೇಲೆ ಪುಸ್ತಕ ಬರೆಯುತ್ತಾ ಕೂತಿದ್ದ. ಆ ಕಾಗದದ ವಿಷಯ ನನ್ನದೇ ಪದ, ಎಪೊಖೆ! ಅದಕ್ಕೆ ‘ಇನ್‌ಹಿಬೇರೆ’ ಅನ್ನುವ ನಾವಿಕರ ಪದ ಹಾಕು ಅಂತ ಆಟಿಕಸ್ ಸೂಚಿಸಿದ್ದ. ಸಿಸೆರೊಗೆ ತುಂಬಾ ಹಿಡಿಸಿತ್ತು. ಆ ಆಜ್ಞೆ ಕೇಳಿದರೆ ಅಂಬಿಗರು ಹುಟ್ಟನ್ನು ಎತ್ತಿ ಹಿಡಿದು ಸುಮ್ಮನಾಗುತ್ತಾರೆ ಅಂದುಕೊಂಡಿದ್ದ. ನಿನ್ನೆ ನನ್ನ ಮನೆಯ ದಡಕ್ಕೆ ಒಂದು ಹಡಗು ಬಂತು, ಆಗ ಗೊತ್ತಾಯಿತು ಅಂತ ಬರೆಯುತ್ತಾನೆ. ಅವರು ಸುಮ್ಮನಾಗುವುದಿಲ್ಲ, ಬೇರೆ ಥರ ಹುಟ್ಟು ಹಾಕುತ್ತಾರೆ. ಎಪೊಖೆಗೂ ಇದಕ್ಕೂ ಬಹಳ ದೂರ. ದಯವಿಟ್ಟು ಮೊದಲಿದ್ದ ‘ತಡೆದು ಹಿಡಿ’ ಅನ್ನುವ ಪದವನ್ನೇ ವಾಪಸ್ ಹಾಕಿಸು.

ಒಂದು ಪದಕ್ಕೋಸ್ಕರ ದಡದಲ್ಲಿ ನಿಂತು ಅಂಬಿಗರ ಕೈ ನೋಡಿದ್ದಾನೆ, ಪುಣ್ಯಾತ್ಮ.

ಮಾರನೇ ದಿನ ಆಫೀಸಿನಲ್ಲಿ ಒಂದು ಆದೇಶ ಟೈಪ್ ಮಾಡುವಾಗ ನನ್ನ ಕೈ ನಿಂತಿತು. ‘ವಾದ ಆಲಿಸಿ ತೀರ್ಪು ಕಾಯ್ದಿರಿಸಲಾಗಿದೆ.’ ಅಂದರೆ ಏನು? ಎರಡೂ ಕಡೆ ಕೇಳಿ ಮುಗಿದಿದೆ. ತೀರ್ಪು ಬಂದೇ ಬರುತ್ತದೆ. ನ್ಯಾಯಾಧೀಶರು ಚೇಂಬರಿನಲ್ಲಿ ಕೂತು ಬರೆಯುತ್ತಲೂ ಇರಬಹುದು. ಹೊರಗೆ ಕೈ ನಿಂತ ಹಾಗೆ ಕಂಡರೂ ಒಳಗೆ ಹುಟ್ಟು ಆಡುತ್ತಲೇ ಇದೆ! ಎಪೊಖೆಯಲ್ಲಿ ಮುಂದಿನ ತಾರೀಕು ಅನ್ನುವುದೇ ಇಲ್ಲ. ಸಿಸೆರೊ ಮುಗ್ಗರಿಸಿದ ಕಲ್ಲಿಗೇ ನಾನೂ ಮುಗ್ಗರಿಸಿದ್ದೆ. ಅವನಾದರೂ ಹಡಗು ಕಂಡಿರಲಿಲ್ಲ ಅನ್ನಬಹುದು, ನಾನು ಹಡಗಿನಲ್ಲೇ ಕೂತು ಸಂಬಳ ತಗೊಳ್ಳುವವನು.

ಪದ ಸಿಕ್ಕಿದ್ದು ಅಡುಗೆಮನೆಯಿಂದ. ಸಂಬಂಧಿಕರೊಬ್ಬರ ಮದುವೆ ಮಾತುಕತೆಯ ಬಗ್ಗೆ ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದರು: “ಅವ್ರು ಹೂಂ ಅಂತಾನೂ ಅಂದಿಲ್ಲ, ಊಹೂಂ ಅಂತಾನೂ ಅಂದಿಲ್ಲ ಕಣೇ.” ಎದ್ದು ಬಂದು ಬರೆದುಕೊಂಡೆ. ಗ್ರೀಕರು ‘ಒಪ್ಪಿಗೆ’ ಅಂದಾಗ ಅದು ಸಹಿ ಹಾಕುವ ಒಪ್ಪಿಗೆಯಲ್ಲ. ಕಣ್ಣಿಗೆ ಬಿದ್ದದ್ದಕ್ಕೆ ಮನಸ್ಸು ಒಳಗೊಳಗೇ ಹೌದು ಅನ್ನುತ್ತದಲ್ಲ, ಅದು. ನಮ್ಮ ‘ಹೂಂ’ ಸರಿಯಾಗಿ ಅದೇ. ಹಾಗಾದರೆ ಎಪೊಖೆ ‘ಹೂಂ ಅನ್ನದೆ ತಡೆಯುವುದು’. ಕಥೆ ಕೇಳುವಾಗ ಮಕ್ಕಳು ಹಾಕುವ ಹೂಂ ಬೇರೆ, ಅಲ್ಲಿ ಕೇಳುತ್ತಿದ್ದೇನೆ ಅಂತ ಮಾತ್ರ ಅರ್ಥ. ಆ ಗೊಂದಲ ಬರಬಹುದು ಅಂತ ಭಯವಿತ್ತು. ಗ್ರಂಥದಲ್ಲೇ ಇರುವ ಒಂದು ದೃಶ್ಯ ಅದನ್ನು ಕಳೆಯಿತು.

ಸ್ಟೋಯಿಕರು ಅನ್ನುವ ಇನ್ನೊಂದು ಗ್ರೀಕ್ ತತ್ವಪಂಥದವರ ಗುರು ಜೀನೊ ಕೈಯಲ್ಲೇ ಪಾಠ ಮಾಡುತ್ತಿದ್ದನಂತೆ. ಬೆರಳು ಚಾಚಿ ಅಂಗೈ ತೋರಿಸಿ, ಕಂಡದ್ದು ಅಂದರೆ ಹೀಗೆ ಅನ್ನುವುದು. ಬೆರಳು ಸ್ವಲ್ಪ ಮಡಚಿ, ಒಪ್ಪಿಗೆ ಅಂದರೆ ಹೀಗೆ. ಪೂರ್ತಿ ಮುಚ್ಚಿ ಮುಷ್ಟಿ ಮಾಡಿ, ಗ್ರಹಿಸಿದ್ದು ಅಂದರೆ ಹೀಗೆ. ಆಮೇಲೆ ಎಡಗೈ ತಂದು ಆ ಮುಷ್ಟಿಯನ್ನು ಬಿಗಿಯಾಗಿ ಅಮುಕಿ, ಜ್ಞಾನ ಅಂದರೆ ಇದು, ಇದು ಜ್ಞಾನಿಗೆ ಬಿಟ್ಟು ಯಾರಿಗೂ ಇಲ್ಲ. ನಾನು ಟೇಬಲ್ ಮುಂದೆ ಕೂತು ಕೈ ಚಾಚಿ ಮಡಚಿ ನೋಡಿದೆ. ಮೂರನೇ ಮೆಟ್ಟಿಲಿಗೆ ಗ್ರೀಕರದ್ದು ‘ಕಟಲೆಪ್ಸಿಸ್’, ಸಿಸೆರೊನದ್ದು ‘ಕಾಂಪ್ರೆಹೆನ್ಸಿಯೊ’. ಎರಡರ ಒಳಗೂ ಕೈಯಲ್ಲಿ ಹಿಡಿಯುವ ಅರ್ಥವಿದೆ. ‘ಗ್ರಹಿಕೆ’ಯಲ್ಲೂ ಇದೆ, ಆದರೆ ನಮಗೆ ಈಗ ಅಲ್ಲಿ ಕೈ ಕಾಣುವುದಿಲ್ಲ. ‘ಹಿಡಿ’ ಅಂದರೆ ಕಾಣುತ್ತದೆ. ಮುಷ್ಟಿಯೂ ಹಿಡಿ, ಹಿಡಿಯುವುದೂ ಹಿಡಿ. ಕಂಡದ್ದು, ಹೂಂ ಅಂದದ್ದು, ಹಿಡಿದದ್ದು, ಅರಿವು. ನಾಲ್ಕೂ ಸಾಲಾಗಿ ಬಂದ ಮೇಲೆ ‘ಹೂಂ’ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತು.

ಪದದ ಕಥೆ ಇದಾದರೆ ವಾಕ್ಯದ್ದು ಇನ್ನೊಂದು. ಲ್ಯಾಟಿನ್ನಿನಲ್ಲಿ ಸಿಸೆರೊನ ಕ್ರಿಯಾಪದ ಸಾಮಾನ್ಯವಾಗಿ ನಮ್ಮ ಹಾಗೆ ಕೊನೆಗೆ ಬರುತ್ತದೆ. ಇಂಗ್ಲಿಷಿನವರು ಒಡೆದು ಹಾಕಿದ್ದನ್ನು ನಾನು ಮತ್ತೆ ಕಟ್ಟುತ್ತೇನೆ ಅಂತ ಹುಮ್ಮಸ್ಸಿನಲ್ಲಿ ‘ಹೇಳಿ, ಕೇಳಿ, ತೂಗಿ, ಬಿಟ್ಟು’ ಅಂತ ಪೋಣಿಸುತ್ತಾ ಒಂದು ವಾಕ್ಯವನ್ನು ಅರ್ಧ ಪುಟ ಎಳೆದೆ. ಹೆಂಡತಿಗೆ ಜೋರಾಗಿ ಓದಿ ತೋರಿಸುವಾಗ ನಡುವೆಯೇ ಉಸಿರು ಕಟ್ಟಿತು. ಅವಳು ನೀರು ತಂದುಕೊಟ್ಟಳು, ಅಭಿಪ್ರಾಯ ಹೇಳಲಿಲ್ಲ.

ಸಿಸೆರೊಗೂ ಉಸಿರಿನ ಕಷ್ಟ ಇತ್ತು. ಬಡಕಲು ಮೈ, ಉದ್ದ ಕುತ್ತಿಗೆ, ಏರಿಳಿತ ಇಲ್ಲದೆ ಒಂದೇ ಸಮನೆ ಕಿರುಚಿ ವಾದ ಮಾಡುತ್ತಿದ್ದ. ವೈದ್ಯರು ವಕೀಲಿ ಬಿಡು ಅಂದರಂತೆ. ಬಿಡುವ ಬದಲು ಕ್ರಿ.ಪೂ. 79ರಲ್ಲಿ ಗ್ರೀಸ್ ಕಡೆ ಹೊರಟ. ಅಥೆನ್ಸಿನಲ್ಲಿ ಆರು ತಿಂಗಳು, ಆಮೇಲೆ ಏಷ್ಯಾ, ಕೊನೆಗೆ ರೋಡ್ಸ್ ದ್ವೀಪದಲ್ಲಿ ಮೋಲಾನ್ ಅನ್ನುವ ಗುರು. ದಡ ಮೀರಿ ಹರಿಯುತ್ತಿದ್ದ ನನ್ನನ್ನು ಅವನು ದಡದೊಳಗೆ ತಂದ ಅಂತ ಸಿಸೆರೊನೇ ಬರೆದುಕೊಂಡಿದ್ದಾನೆ. ಎರಡು ವರ್ಷ ಕಳೆದು ಬೇರೆಯೇ ಮನುಷ್ಯನಾಗಿ ವಾಪಸ್ ಬಂದ. ನಾನು ಆ ಅರ್ಧ ಪುಟವನ್ನು ಐದು ವಾಕ್ಯ ಮಾಡಿದೆ. ಎಲ್ಲಿ ಉಸಿರು ಬೇಕೋ ಅಲ್ಲಿ ಕಡಿದೆ, ಅಷ್ಟೇ.

ಕಡಿಯಲು ಧೈರ್ಯ ಕೊಟ್ಟದ್ದೂ ಅವನೇ. ಗ್ರೀಕ್ ವಾಗ್ಮಿಗಳಾದ ಡೆಮಾಸ್ತನೀಸ್ ಮತ್ತು ಈಸ್ಕಿನೀಸ್ ಭಾಷಣಗಳ ಲ್ಯಾಟಿನ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ, ಪದಗಳನ್ನು ಓದುಗನಿಗೆ ಎಣಿಸಿ ಕೊಡಲಿಲ್ಲ, ತೂಗಿ ಕೊಟ್ಟೆ ಅನ್ನುತ್ತಾನೆ. ಅನುವಾದ ಕಳೆದುಹೋಗಿದೆ, ಮುನ್ನುಡಿ ಉಳಿದಿದೆ. ಕೋರ್ಟು ಕಾಗದದಲ್ಲಿ ಮಾತ್ರ ಹೀಗೆ ತೂಗಲು ಹೋದರೆ ಕೆಲಸ ಹೋಗುತ್ತದೆ. ಅಲ್ಲಿ ಎಣಿಸಲೇಬೇಕು.

ಈಗ ಜಗಳ ನಡೆದಿರುವುದು ‘ಕ್ವಾಲಿಟಾಸ್’ ಮೇಲೆ. ‘ಎಂಥದ್ದು’ ಅನ್ನುವ ಅರ್ಥದ ಪದಕ್ಕೆ ಬಾಲ ಹಚ್ಚಿ ಗ್ರೀಕರು ‘ಪೊಯೊಟೆಸ್’ ಅಂದರು, ಅದೇ ದಾರಿಯಲ್ಲಿ ಸಿಸೆರೊ ಇದನ್ನು ಮಾಡಿದ. ಇಂಗ್ಲಿಷಿನ ಕ್ವಾಲಿಟಿ ಹುಟ್ಟಿದ್ದು ಅಲ್ಲಿಂದ. ಕನ್ನಡಕ್ಕೆ ‘ಗುಣ’ ಸಿದ್ಧವಾಗಿದೆ, ಸರಿ. ಆದರೆ ಹೊಸ ಪದ ಹುಟ್ಟುವ ಆ ಒಂದು ಜಾಗದಲ್ಲಿ ‘ಗುಣ’ ಹಾಕಿದರೆ ಓದುಗನಿಗೆ ಹೊಸತೇನೂ ಕಾಣುವುದಿಲ್ಲ ಅಲ್ವಾ? ಅಲ್ಲಿ ಮಾತ್ರ ‘ಎಂಥತನ’ ಅಂತ ಬರೆದೆ, ಮುಂದೆಲ್ಲ ಗುಣವೇ. ಕರಡು ತಿದ್ದುವ ನನ್ನ ಹಿರಿಯ ಗೆಳೆಯರು ಅದಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ “ಎಂಥದಪ್ಪ ಇದು?” ಅಂತ ಬರೆದು ಕಳಿಸಿದ್ದಾರೆ.

‘ಕರ್ತವ್ಯ’ ಅನ್ನುವ ಅರ್ಥಕ್ಕೆ ಸಿಸೆರೊ ಬಳಸಿದ ಲ್ಯಾಟಿನ್ನಿನ ‘ಅಫಿಕಿಯುಮ್’ ಪದದ ಬಗ್ಗೆ ಆಟಿಕಸ್ ಹೀಗೇ ಅನುಮಾನಪಟ್ಟಾಗ ಸಿಸೆರೊ ಕೊಟ್ಟ ಉತ್ತರವನ್ನೇ ನಾನೂ ಕಳಿಸಿದೆ: ಚೆನ್ನಾಗೇ ಹೊಂದುತ್ತದೆ, ಇಲ್ಲದಿದ್ದರೆ ಇದಕ್ಕಿಂತ ಒಳ್ಳೆಯದನ್ನು ಕೊಡಿ. ಮೂರು ವಾರ ಆಯಿತು. ಅವರಿನ್ನೂ ಹೂಂ ಅಂದಿಲ್ಲ.